ಗೊತ್ತಿದ್ದವರು ಹೊರಗೆ

ಆ ಸಮಿತಿಯಿಂದ ನನ್ನನ್ನು ತೆಗೆದುಹಾಕಿದರು ಎಂದು ಲಂಡನ್ನಿನ ಸ್ಟ್ಯಾನ್ಮೋರಿನಲ್ಲಿರುವ ಕೆಲವು ಕನ್ನಡದವರ ಮನೆಗಳಲ್ಲಿ ಇವತ್ತಿಗೂ ಮಾತಿದೆ. ಯಾರೂ ತೆಗೆಯಲಿಲ್ಲ. ನಾನಾಗಿ ಎದ್ದು ಬಂದೆ. ಏಕೆ ಬಂದೆ ಎಂಬುದನ್ನು ಬರೆದಿಡುತ್ತೇನೆ, ಇಷ್ಟವಿದ್ದವರು ನಂಬಲಿ.

ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಧಾರವಾಡದ ಲಾರಿ ಗ್ಯಾರೇಜೊಂದರಲ್ಲಿ ಕೆಲಸ ಕಲಿತೆ. ನರ್ಸ್ ಆಗಿದ್ದ ಹೆಂಡತಿಗೆ ಲಂಡನ್ನಿನಲ್ಲಿ ನೌಕರಿ ಸಿಕ್ಕಿತು, ಅವಳ ಹಿಂದೆ ನಾನೂ ಬಂದೆ. ಹೌನ್ಸ್ಲೋ ಹತ್ತಿರ ವಿಮಾನಕ್ಕೆ ಸರಕು ತುಂಬುವ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುತ್ತಾ ಶುರುಮಾಡಿ, ಒಂದು ಪಾಳಿಗೆ ಸೂಪರ್‌ವೈಸರ್ ಆದೆ. ಇದರಲ್ಲಿ ಯಾರ ಶಿಫಾರಸೂ ಇರಲಿಲ್ಲ.

ನಮ್ಮ ಗೋದಾಮಿಗೆ ಒಬ್ಬಳು ಪಿಎಚ್‌ಡಿ ವಿದ್ಯಾರ್ಥಿನಿ ಬಂದಳು. ಉತ್ತರ ಇಂಗ್ಲೆಂಡಿನವಳು, ಬಸ್ ಡ್ರೈವರನ ಮಗಳು. ಪಾಳಿಯ ಮೇಲೆ ದುಡಿಯುವವರ ಸಂಸಾರ ಹೇಗೆ ನಡೆಯುತ್ತದೆ ಎಂಬುದು ಅವಳ ವಿಷಯ. ನಮ್ಮ ಜೊತೆ ಕ್ಯಾಂಟೀನಿನಲ್ಲಿ ಕೂತು ಉಣ್ಣುತ್ತಿದ್ದಳು, ಪ್ರಶ್ನೆ ಕೇಳುವುದಕ್ಕಿಂತ ಸುಮ್ಮನಿರುವುದೇ ಹೆಚ್ಚು. ಎಲ್ಲರ ಹಾಗೆ ಅವಳೂ ನನ್ನನ್ನು ಬಾಸ್ ಎನ್ನುತ್ತಿದ್ದಳು.

ಅವಳಿಗೆ ಹಣ ಕೊಡುತ್ತಿದ್ದದ್ದು ಕೆಲವು ವಿಶ್ವವಿದ್ಯಾಲಯಗಳು ಸೇರಿ ಕಟ್ಟಿಕೊಂಡ ಒಂದು ಕೂಟ. ಸಮಾಜವಿಜ್ಞಾನದಲ್ಲಿ ಸಂಶೋಧನೆ ಮಾಡುವವರನ್ನು ಆರಿಸಿ, ಹಣವನ್ನೂ ತರಬೇತಿಯನ್ನೂ ಕೊಡುವುದು ಅದರ ಕೆಲಸ. ಎಲ್ಲರೂ ಅದನ್ನು ಪಾರ್ಟ್ನರ್‌ಶಿಪ್ ಎಂದೇ ಕರೆಯುತ್ತಿದ್ದರು. ಅದನ್ನು ನಡೆಸುವವರಿಗೆ ಒಮ್ಮೆ ಹೀಗನ್ನಿಸಿತು: ನಮ್ಮ ವಿದ್ಯಾರ್ಥಿಗಳು ಯಾರ ಬದುಕಿನ ಬಗ್ಗೆ ಬರೆಯುತ್ತಾರೋ ಅವರಲ್ಲಿ ಒಬ್ಬರಾದರೂ ನಮ್ಮ ಸಮಿತಿಯಲ್ಲಿ ಇರಬೇಕು. ಹಾಗೆ ನನಗೆ ಕರೆ ಬಂತು.

"ಅಲ್ಲಿ ಎಲ್ಲಾ ಪ್ರೊಫೆಸರ್ ಮಂದಿ. ನೀವು ಹೋಗಿ ಏನ್ ಮಾಡ್ತೀರಿ? ಬಿಸ್ಕೀಟ್ ತಿಂದು ಬರ್ತೀರಿ, ಅಷ್ಟ," ಎಂದಳು ಹೆಂಡತಿ.

"ಛಲೋ ಇದ್ರ ನಿನಗೂ ಎರಡು ತರ್ತೀನಿ," ಎಂದೆ.

ಆದರೆ ಮುಂದಿನ ಭಾನುವಾರ ಸ್ಟ್ಯಾನ್ಮೋರಿನಲ್ಲಿ ಪರಿಚಯದವರ ಮನೆಯ ಸತ್ಯನಾರಾಯಣ ಪೂಜೆಗೆ ಹೋದಾಗ ಅವಳೇ ಎಲ್ಲರ ಕಿವಿಗೂ ಹಾಕಿದಳು. ಆ ಮನೆಗಳಲ್ಲಿ ಮೇಜು ಸರಿಸುವುದಕ್ಕೆ, ಪಾತ್ರೆ ಇಳಿಸುವುದಕ್ಕೆ ನನ್ನ ನೆನಪಾಗುತ್ತಿತ್ತು. ಅವತ್ತು ಸೋಫಾದ ಮೇಲೆ ಕೂರಿಸಿ ಕಾಫಿ ಕೊಟ್ಟರು. ನನಗೆ ಹಿಡಿಸಿತು. ಸುಳ್ಳೇಕೆ ಹೇಳಲಿ.

ಪಾರ್ಟ್ನರ್‌ಶಿಪ್ ನಡೆಸುತ್ತಿದ್ದವರು ಮೂವರು. ನಿರ್ದೇಶಕಿ ಎತ್ತರದ, ಬಿಳಿಗೂದಲಿನ ಆಂಗ್ಲ ಮಹಿಳೆ, ಪ್ರೊಫೆಸರ್. ಯಾರ ಮಾತನ್ನೂ ನಡುವೆ ತಡೆಯುತ್ತಿರಲಿಲ್ಲ. ಆದರೆ ಮಾತು ಮುಗಿದ ಮೇಲೆ ಅವರು "ತುಂಬಾ ಕುತೂಹಲದ ವಿಚಾರ" ಎಂದರೋ, ಆ ವಿಚಾರ ಅಲ್ಲಿಗೆ ಮುಗಿಯಿತು ಎಂದೇ ಲೆಕ್ಕ. ಉಪನಿರ್ದೇಶಕರು ಇನ್ನೊಂದು ವಿಶ್ವವಿದ್ಯಾಲಯದವರು, ಸಭೆಯ ನಡುವೆಯೇ ಸ್ಯಾಂಡ್‌ವಿಚ್ ತಿನ್ನುತ್ತಾ ಲ್ಯಾಪ್‌ಟಾಪಿನಲ್ಲಿ ತಮ್ಮ ವಿದ್ಯಾರ್ಥಿಗಳ ಪ್ರಬಂಧ ತಿದ್ದುತ್ತಿದ್ದರು. ಇಬ್ಬರಿಗೂ ಇದು ಪಾಠ ಮಾಡುವ ಕೆಲಸದ ಮೇಲೆ ಬಿದ್ದ ಇನ್ನೊಂದು ಕೆಲಸ. ಮೂರನೆಯವರು ಮ್ಯಾನೇಜರ್, ಮೈಸೂರಿನ ಹೆಣ್ಣುಮಗಳು. ಕಚೇರಿ ನಿಂತಿದ್ದೇ ಅವರ ಮೇಲೆ. ಇವರು ಕೆಟ್ಟವರು ಎಂದು ಬರೆಯಲು ನಾನು ಕೂತಿಲ್ಲ.

ಅವರಲ್ಲಿ ಒಂದು ಪದ್ಧತಿ ಇತ್ತು. ಯಾವ ವಿದ್ಯಾರ್ಥಿಯ ವಿಷಯ ಬರುತ್ತದೋ ಆ ವಿದ್ಯಾರ್ಥಿಯ ವಿಶ್ವವಿದ್ಯಾಲಯದವರು, ಆ ವಿದ್ಯಾರ್ಥಿಯನ್ನು ಬಲ್ಲವರು ಎದ್ದು ಹೊರಗೆ ಹೋಗಬೇಕು. ತೀರ್ಮಾನ ಆದ ಮೇಲೆ ಒಳಗೆ ಕರೆಯುತ್ತಾರೆ. ಯಾರೂ ಹೇಳಬೇಕಾಗಿರಲಿಲ್ಲ, ಹೆಸರು ಓದಿದ ಕೂಡಲೇ ಕುರ್ಚಿ ಸರಿಯುತ್ತಿತ್ತು. ಮೊದಲ ಸಭೆಯಲ್ಲಿ ಒಬ್ಬರಾದ ಮೇಲೊಬ್ಬರು ಎದ್ದು ಹೋಗುವುದನ್ನು ನೋಡಿ, ಪಾಪ, ಇವರೆಲ್ಲರ ಹೊಟ್ಟೆ ಕೆಟ್ಟಿದೆಯೇನೋ ಅಂದುಕೊಂಡಿದ್ದೆ.

ಹೀಗಿರುವಾಗ ನಮ್ಮ ಗೋದಾಮಿಗೆ ಹೊಸ ಆಡಳಿತ ಬಂದು, ಆ ಹುಡುಗಿಯ ಪ್ರವೇಶದ ಪಾಸನ್ನು ರದ್ದು ಮಾಡಿತು. ಪಾಳಿಯವರೆಲ್ಲ ಸೇರಿ ಅವಳಿಗೆ ಹೇಳಿದೆವು: ನಿಲ್ಲು, ಆಡಳಿತದವರನ್ನು ನಾವು ಕೇಳುತ್ತೇವೆ. ಅವಳು ನಿಂತಳು. ಅರ್ಧ ವರ್ಷ ಗೇಟಿನಾಚೆಯ ಬಸ್ ಸ್ಟಾಪಿನಲ್ಲಿ ಸಿಕ್ಕಷ್ಟು ಮಾತಾಡಿದಳು. ಕೊನೆಗೆ ಪಾಸು ಮರಳಿ ಸಿಕ್ಕಿತು, ಆದರೆ ಅವಳ ಹಣದ ಅವಧಿ ಮುಗಿಯುತ್ತಾ ಬಂದಿತ್ತು. ಕಳೆದುಹೋದ ಆರು ತಿಂಗಳನ್ನು ಮುಂದಕ್ಕೆ ಕೂಡಿಸಿ ಕೊಡಿ ಎಂದು ಪಾರ್ಟ್ನರ್‌ಶಿಪ್‌ಗೆ ಅರ್ಜಿ ಹಾಕಿದಳು. ಸಿಗದಿದ್ದರೆ ಪಿಎಚ್‌ಡಿ ಅರ್ಧಕ್ಕೆ ಬಿಟ್ಟು ಊರಿಗೆ ಹೋಗಬೇಕು. ಲಂಡನ್ನಿನ ಬಾಡಿಗೆ ಯಾರ ಕಷ್ಟವನ್ನೂ ಕೇಳುವುದಿಲ್ಲ.

ಅವಳ ಹೆಸರು ಓದಿದ ಕೂಡಲೇ ಉಪನಿರ್ದೇಶಕರು ಎದ್ದರು. ಅವಳು ಅವರ ವಿಶ್ವವಿದ್ಯಾಲಯದವಳು. ನಾನು ಕೂತೇ ಇದ್ದೆ.

ಮ್ಯಾನೇಜರ್ ನನ್ನ ಕಡೆ ಬಾಗಿ ಕನ್ನಡದಲ್ಲಿ, "ಸರ್, ನೀವೂ ಹೋಗ್ಬೇಕು. ಪ್ಲೀಸ್," ಎಂದರು.

ನಾನು ನಿರ್ದೇಶಕಿಗೆ ಇಂಗ್ಲಿಷಿನಲ್ಲೇ ಹೇಳಿದೆ. "ಗೋದಾಮಿನಂಥ ಜಾಗಗಳನ್ನು ಬಲ್ಲವನು ಅಂತ ತಾನೇ ನನ್ನನ್ನು ಕರೆದಿರಿ? ನನಗೆ ಗೊತ್ತಿರುವ ಒಂದು ವಿಷಯ ಈಗ ಬಂದಿದೆ. ಈಗಲೇ ಹೊರಗೆ ಹೋಗು ಅನ್ನುತ್ತೀರಿ."

"ನೀವಿದ್ದಾಗ ತೀರ್ಮಾನ ಆದರೆ ನಾಳೆ ಯಾರು ಬೇಕಾದರೂ ಅದನ್ನು ರದ್ದು ಮಾಡಿಸಬಹುದು," ಎಂದರು ಅವರು. "ನಷ್ಟ ಅವಳಿಗೇ."

ಎದ್ದೆ. ಆದರೆ ತಲೆ ತಗ್ಗಿಸಿ ಎದ್ದವನಲ್ಲ.

ಕಾರಿಡಾರಿನಲ್ಲಿ ಉಪನಿರ್ದೇಶಕರು ಲಿಫ್ಟ್ ಪಕ್ಕದ ಗಿಡದ ಕುಂಡದ ಬಳಿ ಗೋಡೆಗೆ ಒರಗಿ ನಿಂತಿದ್ದರು. "ಈ ಬಾಗಿಲ ಹೊರಗೆ ನಾನು ಎಷ್ಟು ನಿಂತಿದ್ದೇನೆ ಗೊತ್ತೇ? ಈ ಗಿಡ ನನ್ನ ಮುಂದೆ ಬೆಳೆದದ್ದು," ಎಂದರು.

"ಗೊತ್ತಿದ್ದವರು ಹೊರಗೆ, ಗೊತ್ತಿಲ್ಲದವರು ಒಳಗೆ. ಒಳ್ಳೆ ಏರ್ಪಾಡು," ಎಂದೆ.

"ನಿಯಮ ಇಲ್ಲದ ಕಾಲವನ್ನೂ ನೋಡಿದ್ದೇನೆ. ಯಾವ ಪ್ರೊಫೆಸರರ ದನಿ ದೊಡ್ಡದೋ ಅವರ ಶಿಷ್ಯನಿಗೆ ಹಣ. ನನ್ನ ಪ್ರೊಫೆಸರು ಮೆತ್ತಗಿನ ಮನುಷ್ಯ. ನಾನು ಬಾರಿನಲ್ಲಿ ಗ್ಲಾಸು ತೊಳೆದು ಪಿಎಚ್‌ಡಿ ಮುಗಿಸಿದೆ."

ಅವರ ಮಾತು ಸರಿ ಎನ್ನಿಸಿತು. ಆದರೂ ಸಿಟ್ಟು ಇಳಿಯಲಿಲ್ಲ. ಅವರೇ ಮುಂದುವರಿಸಿದರು. "ಇವರು ಕೊಡದಿದ್ದರೆ ಅವಳು ಮೇಲ್ಮನವಿ ಹಾಕಬಹುದು. ಅದನ್ನು ಕೇಳುವವರು ಹೊರಗಿನವರು. ಪರವಾಗಿ ಮಾತಾಡಲು ಒಬ್ಬರನ್ನು ಕರೆದುಕೊಂಡೂ ಹೋಗಬಹುದು. ನಿಮ್ಮನ್ನಲ್ಲ. ನೀವು ಸಮಿತಿಯವರು."

ಒಳಗೆ ಕರೆದರು. ಆರು ಕೇಳಿದವಳಿಗೆ ಮೂರು ತಿಂಗಳು ಕೊಟ್ಟಿದ್ದರು. ಕಾರಣವನ್ನು ನಿರ್ದೇಶಕಿ ಓದಿದರು: ಕಾಯುತ್ತಾ ಕೂರುವ ಬದಲು ಬೇರೆ ಗೋದಾಮು ಹುಡುಕಬಹುದಿತ್ತು, ಅಂಥ ಮುಂದಾಲೋಚನೆಯೂ ತರಬೇತಿಯ ಒಂದು ಭಾಗ.

ಬೇರೆ ಗೋದಾಮು. ಲಂಡನ್ನಿನಲ್ಲಿ ಗೋದಾಮಿಗೇನು ಬರ. ಆದರೆ ತಮ್ಮ ಮನೆಯ ಮಾತನ್ನೆಲ್ಲ ಅವಳ ಮುಂದೆ ಹೇಳಿಕೊಂಡವರನ್ನು ಒಂದು ಗೇಟು ಮುಚ್ಚಿತೆಂದು ಅವಳು ಕೈಬಿಡುವುದು ಹೇಗೆ? ಸಭೆ ಮುಗಿಯುವವರೆಗೆ ಕೂತಿದ್ದು, ಎಲ್ಲರೂ ಹೋದ ಮೇಲೆ ಮ್ಯಾನೇಜರ್ ಹತ್ತಿರ ಹೇಳಿದೆ.

"ನಾ ಬಿಟ್ಟೆನ್ರಿ ಮೇಡಂ. ಆ ಹುಡುಗಿ ಕರದ್ರ ಅವಳ ಕಡೆ ಹೋಗಿ ಕೂಡ್ತೀನಿ."

ಅವರು ಕಪ್ಪುಗಳನ್ನು ಜೋಡಿಸುತ್ತಿದ್ದವರು ನಿಂತರು. "ಸರ್, ಸಮಿತಿಯಲ್ಲಿ ನಿಮ್ಮಂಥವರಿಗೆ ಒಂದು ಜಾಗ ಕೊಡಿಸೋಕೆ ನಾನು ಎಷ್ಟು ಜಗಳ ಆಡಿದೀನಿ ಗೊತ್ತಾ? ಈಗ ನೀವೇ ಎದ್ದು ಹೋದ್ರೆ, ನೋಡಿ, ನಾವು ಹೇಳಿರ್ಲಿಲ್ವಾ ಅಂತಾರೆ."

"ಅನ್ನವ್ರು ಅನ್ಲಿ. ನೀವು ಕೊಡಿಸಿದ ಕುರ್ಚಿ ಛಲೋನ ಅದ. ಆದ್ರ ಅದರಾಗ ಕುಂತ್ರ ಆ ಹುಡುಗಿ ಬಗ್ಗೆ ಬಾಯಿ ಮುಚ್ಚಬೇಕಾಗ್ತದ. ಅದು ನನ್ನ ಕೈಲಿ ಆಗೂದಿಲ್ಲ."

"ಹಟ ಸರ್ ನಿಮ್ಮದು."

"ಹೌದ್ರಿ."

ಮನೆಯಲ್ಲಿ ಹೆಂಡತಿಗೆ ನಡೆದದ್ದನ್ನೆಲ್ಲ ಹೇಳಿದೆ. ಕೇಳಿದವಳು, "ಸ್ಟ್ಯಾನ್ಮೋರಿನವರಿಗೆ ಏನ್ ಹೇಳೂದ್ರೀ?" ಎಂದಳು.

"ಬಿಸ್ಕೀಟ್ ಮೆತ್ತಗಾಗಿತ್ತಂತ ಹೇಳು."

ಅವಳಿಗೆ ನಗು ಬಂತು. ನಕ್ಕ ಮೇಲೆ, "ಛಲೋ ಮಾಡಿದ್ರಿ," ಎಂದಳು.

ಆ ಹುಡುಗಿ ಮೇಲ್ಮನವಿ ಹಾಕಿದಳು, ನನ್ನನ್ನೂ ಕರೆದಳು. ವಿಚಾರಣೆಯ ದಿನ ಪಾಳಿ ಬದಲಿಸಿಕೊಂಡು ಹೋದೆ. ಮೇಜಿನ ಆಚೆ ಮೂರು ಹೊಸ ಮುಖಗಳು. ನಾವಾಗಿ ನಿಲ್ಲೆಂದು ಕೇಳಿಕೊಂಡೆವು, ಅದಕ್ಕೆ ನಿಂತಳು ಎಂದು ಹೇಳಿದೆ. ಅವರಲ್ಲೊಬ್ಬರು ಥಟ್ಟನೆ ಹಿಡಿದರು. "ಹಾಗಾದರೆ ಅವಳಿಗೆ ತನ್ನದೇ ಯೋಜನೆ ಇರಲಿಲ್ಲ ಅಂತಾಯಿತಲ್ಲ?"

ನನ್ನ ಮಾತು ಅವಳಿಗೇ ಮುಳುವಾಗುವುದು ಕಂಡಿತು. ಅಷ್ಟರಲ್ಲಿ ಅವಳು ನನ್ನ ತೋಳು ಮುಟ್ಟಿ, "ಬಾಸ್, ಇದಕ್ಕೆ ನಾನು ಹೇಳ್ತೀನಿ," ಎಂದಳು. ಅವರ ಕಡೆ ತಿರುಗಿದಳು. "ಬೇರೆ ಎರಡು ಗೋದಾಮು ನೋಡಿಟ್ಟಿದ್ದೆ. ಬೇಕೆಂದೇ ಹೋಗಲಿಲ್ಲ. ನನ್ನನ್ನು ನಂಬಿ ಮಾತಾಡಿದವರನ್ನು ಬಿಟ್ಟು ಹೋಗಿದ್ದರೆ ಅವರ ಮಾತನ್ನು ಪ್ರಬಂಧದಲ್ಲಿ ಹಾಕಿಕೊಳ್ಳುವ ಹಕ್ಕು ನನಗಿರುತ್ತಿರಲಿಲ್ಲ. ಪಾರ್ಟ್ನರ್‌ಶಿಪ್‌ನ ತರಬೇತಿಯಲ್ಲೇ ಇದನ್ನು ಕಲಿಸಿದ್ದಾರೆ. ನಾನು ಅದನ್ನು ಪಾಲಿಸಿದೆ."

ಉಳಿದ ಮೂರು ತಿಂಗಳೂ ಸಿಕ್ಕಿತು.

ಆಮೇಲೆ ನಿರ್ದೇಶಕಿ ತಾವೇ ಫೋನ್ ಮಾಡಿದರು. ನಿಮ್ಮ ಜಾಗ ಯಾರಿಗೂ ಕೊಟ್ಟಿಲ್ಲ, ಮರಳಿ ಬನ್ನಿ ಎಂದರು. ಅವಳ ಪಿಎಚ್‌ಡಿ ಮುಗಿಯಲಿ, ಅಲ್ಲಿಯವರೆಗೆ ನಾನು ಅವಳ ಕಡೆಯವನು ಎಂದೆ. ಅವಳು ಈಗ ಕೊನೆಯ ಅಧ್ಯಾಯದಲ್ಲಿದ್ದಾಳೆ. ಬರೆದದ್ದನ್ನು ಕ್ಯಾಂಟೀನಿಗೆ ತಂದು ಓದಿ ಹೇಳುತ್ತಾಳೆ, ನಮ್ಮ ಹುಡುಗರು ಇಲ್ಲಿ ತಪ್ಪು, ಅಲ್ಲಿ ತಪ್ಪು ಎಂದು ಅವಳ ಮೇಲೆ ಬೀಳುತ್ತಾರೆ. ಅವಳೂ ಬಿಡುವುದಿಲ್ಲ, ಜಗಳಕ್ಕೇ ನಿಲ್ಲುತ್ತಾಳೆ. ಆ ಹೊತ್ತಿಗೆ ಅಲ್ಲಿಂದ ಯಾರನ್ನೂ ಹೊರಗೆ ಕಳಿಸುವುದಿಲ್ಲ.