ಒತ್ತಾಯ ಮಾಡದ ಫಕ್ಕೀರೇಶ

ಬೆಳಗಿನ ಐದೂವರೆ. ರಾಣೆಬೆನ್ನೂರಿನ ಹಳೆಯ ಓಣಿಯೊಂದರಲ್ಲಿ, ಮನೆಯ ಮುಂದಿನ ಕೋಣೆಯನ್ನೇ ಅಂಗಡಿ ಮಾಡಿಕೊಂಡಿರುವ ಫಕ್ಕೀರೇಶ ಕಂಪ್ಯೂಟರಿನ ಎದುರು ಕೂತಿದ್ದಾರೆ. ಈ ಹೊತ್ತಿನಲ್ಲಿ ಕರೆಂಟು ಕೈಕೊಡುವುದು ಕಡಿಮೆ. ಕಚೇರಿಗಳು ಬೇಡವೆಂದು ಬಿಟ್ಟ ಹಾರ್ಡ್ ಡಿಸ್ಕುಗಳನ್ನು ಪೂರ್ತಿ ಅಳಿಸಿ, ಹೊಸದಾಗಿ ಭಾಗ ಮಾಡಿ, ಗುತ್ತಲ, ಗಳಗನಾಥದ ಕಡೆಯ ಶಾಲೆಗಳಿಗೆ ಸಿದ್ಧಪಡಿಸುವುದು ಅವರ ಕೆಲಸ. ಅದಕ್ಕೆಂದೇ ತಾವೇ ಬರೆದ, ಕಂಪ್ಯೂಟರಿಗೆ ಸಾಲಾಗಿ ಆಜ್ಞೆ ಕೊಡುವ ನಲವತ್ತು ಸಾಲಿನ ಸ್ಕ್ರಿಪ್ಟ್ ಇದೆ. ಇವತ್ತು ಅದು ಮುಂದೆ ಹೋಗುತ್ತಿಲ್ಲ. ‘ಡಿಸ್ಕ್ ಬಳಕೆಯಲ್ಲಿದೆ’ ಎನ್ನುತ್ತಿದೆ.

“ಡಬ್ಬಿ ಕೂಡ ಜಗಳಾ ಮುಗೀಲಿಲ್ಲೇನ್ರಿ? ಚಾ ಆರಾಕತ್ತೈತಿ,” ಒಳಗಿನಿಂದ ಹೆಂಡತಿ ಗಂಗಾ.

“ತಡೀ, ಯಾಕೋ ಒಲ್ಲೆ ಅನ್ನಾಕತ್ತೈತಿ.”

ಆಜ್ಞೆಗೆ ಒಂದು ಪದ ಸೇರಿಸಿದರೆ ಒತ್ತಾಯದಿಂದ ಅಳಿಸಬಹುದು. ಅವರು ಸೇರಿಸುವುದಿಲ್ಲ. ಒಂದು ಕಾಲಕ್ಕೆ ಇದೇ ಕೋಣೆಯಲ್ಲಿ ಅವರು ರೇಡಿಯೊ ರಿಪೇರಿ ಮಾಡುತ್ತಿದ್ದರು. ರಿಪೇರಿಯಾದ ಮೇಲೂ ಜನ ವಾರ್ತೆ ಮುಗಿಯುವವರೆಗೆ ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಗಂಗಾ ಎಲ್ಲರಿಗೂ ಚಹಾ ಕೊಡುತ್ತಿದ್ದರು. “ಸ್ಕ್ರೂ ಬರವಲ್ದು ಅಂದ್ರ ಜಗ್ಗಬಾರ್ದ್ರಿ. ಯಾಕ ಹಿಡಕೊಂಡೈತಿ ಅಂತ ನೋಡಬೇಕು,” ಎನ್ನುತ್ತಾರೆ ಫಕ್ಕೀರೇಶ. ರೇಡಿಯೊಗಳು ಬರುವುದು ನಿಂತಾಗ ಎರಡು ವರ್ಷ ಕೆಲಸವಿರಲಿಲ್ಲ. ನಲವತ್ತೈದನೇ ವಯಸ್ಸಿನಲ್ಲಿ ಕಂಪ್ಯೂಟರ್ ಕಲಿತರು. ಈಗ ಐವತ್ತೆಂಟು. ದಿನಕ್ಕೆ ಮೂರು ಡಿಸ್ಕು, ಒಂದೊಂದಕ್ಕೆ ಎರಡು ತಾಸು.

ಡಿಸ್ಕುಗಳ ಪಟ್ಟಿ ತೆರೆದವರೇ ಕೀಲಿಮಣೆಯಿಂದ ಕೈ ತೆಗೆಯುತ್ತಾರೆ. ಯಂತ್ರ ಪ್ರತಿ ಸಲ ಶುರುವಾದಾಗಲೂ ಡಿಸ್ಕುಗಳಿಗೆ ಹೊಸದಾಗಿ ಹೆಸರು ಹಂಚುತ್ತದೆ. ಸ್ಕ್ರಿಪ್ಟ್ ಆ ಹೆಸರನ್ನೇ ನಂಬಿಕೊಂಡಿದೆ. ನಿನ್ನೆ ಕಚೇರಿಯ ಡಿಸ್ಕಿಗಿದ್ದ ಹೆಸರು ಇವತ್ತು ಮಥುರಾಬಾಯಿಯವರ ಡಿಸ್ಕಿಗೆ ಬಂದಿದೆ. ಅವರು ಬ್ಯಾಡಗಿಯ ನಿವೃತ್ತ ಶಿಕ್ಷಕಿ. ಇಪ್ಪತ್ತೆಂಟು ವರ್ಷಗಳ ತರಗತಿಯ ಫೋಟೋಗಳು ಅದರಲ್ಲಿವೆ; ಮೂಲ ಚಿತ್ರಗಳನ್ನು ಗೆದ್ದಲು ತಿಂದಿದೆ. ಪ್ರತಿ ಮಾಡಲೆಂದು ಫಕ್ಕೀರೇಶ ಅದನ್ನು ಆಗಷ್ಟೇ ಕಂಪ್ಯೂಟರಿನಲ್ಲಿ ತೆರೆದಿಟ್ಟಿದ್ದರು. ಹಾಗಾಗಿಯೇ ಸ್ಕ್ರಿಪ್ಟ್ ನಿಂತಿತ್ತು. ಪರದೆಯ ಮೇಲಿನ ಫೋಟೋದಲ್ಲಿ, ಒಣಗಲು ಹರವಿದ ಕೆಂಪು ಮೆಣಸಿನಕಾಯಿಯ ಹಿಂದೆ, ತಲೆಗೆ ಎಣ್ಣೆ ಹಚ್ಚಿಕೊಂಡ ಮಕ್ಕಳು ಸಾಲಾಗಿ ನಿಂತಿದ್ದಾರೆ.

ಫೋಟೋಗಳ ಪ್ರತಿ ಮುಗಿಸಿ ಸ್ಕ್ರಿಪ್ಟ್ ತಿದ್ದುತ್ತಾರೆ. ಇನ್ನು ಮುಂದೆ ಡಿಸ್ಕಿಗೆ ಅಂಟಿಸಿದ ಚೀಟಿಯ ಮೇಲಿರುವ ನಂಬರನ್ನು ಕೈಯಾರೆ ಹೊಡೆಯದೆ ಅದು ಏನನ್ನೂ ಅಳಿಸುವುದಿಲ್ಲ.

ಒಂಬತ್ತಕ್ಕೆ ಬಂದ ಮಥುರಾಬಾಯಿಗೆ ನಡೆದದ್ದನ್ನೆಲ್ಲ ಹೇಳುತ್ತಾರೆ.

“ಅಳಿಸಿಲ್ಲಲ್ಲ?”

“ಇಲ್ರಿ ಅಕ್ಕೋರ. ಕೂದಲೆಳಿಯಷ್ಟ್ರಾಗ ಉಳೀತು.”

“ಹಂಗಾರ ನನ್ನ ಎದಿ ಯಾಕ ಧಸಕ್ಕ ಅನಸ್ತಿ? ಸುಮ್ನ ಕೊಟ್ಟು ಕಳಸಬೇಕಿಲ್ಲೋ!”

ಫಕ್ಕೀರೇಶ ನಗುತ್ತಾರೆ. ಒಂದರ ಬದಲು ಎರಡು ಡಿಸ್ಕುಗಳನ್ನು ಹಳೆಯ ಟವೆಲಿನಲ್ಲಿ ಸುತ್ತಿ ಅವರ ಚೀಲದಲ್ಲಿಡುತ್ತಾರೆ.

“ನಿಮ್ಮ ಡಿಸ್ಕಿಂದು ಇನ್ನೊಂದು ಪ್ರತಿ ಮಾಡೇನ್ರಿ. ಒಂದು ನಿಮ್ಮನ್ಯಾಗ ಇಡ್ರಿ, ಇನ್ನೊಂದು ಮಗಳ ಮನ್ಯಾಗ. ನನ್ನನ್ನೂ ಪೂರಾ ನಂಬಬ್ಯಾಡ್ರಿ.”