ಐದನೆಯ ಹಕ್ಕಿಯ ಜಾಗ

ಬೆಳಗಾಗಿದೆ ಎನ್ನಲು ಇವತ್ತು ಕೋಳಿಯ ಕೂಗೊಂದೇ ಸಾಕ್ಷಿ. ಬೀದಿ ತುಂಬ ಮಂಜು. ಎದುರುಮನೆ ಕರಗಿಹೋಗಿ, ಅದರ ಕಿಟಕಿಯ ದೀಪ ಮಾತ್ರ ಯಾರೋ ಮರೆತು ಬಿಟ್ಟುಹೋದಂತೆ ಬಯಲಲ್ಲಿ ತೂಗುತ್ತಿದೆ. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಕಿಡಿಯಕ್ಕ ಮಂಡಿಯೂರಿ ಕೂತು, ಕಂಪ್ರೆಸರಿನ ಹೊಟ್ಟೆಯಡಿಯ ಪುಟ್ಟ ನಲ್ಲಿ ತಿರುಗಿಸುತ್ತಾರೆ. ಬುಸ್ಸೆಂದು ಗಾಳಿ, ಅದರ ಬೆನ್ನಿಗೇ ಅರ್ಧ ಲೋಟದಷ್ಟು ನೀರು.

"ನೋಡಿ, ನಿನ್ನೆಯಿಂದ ಮಂಜನ್ನೇ ಕುಡಿದು ಕೂತಿದೆ. ಹಾಗೇ ಬಿಟ್ರೆ ಒದ್ದೆ ಗಾಳಿ ಹೋಗಿ ಕಟ್ಟರಿನ ಮೂತಿಯ ನಾಜಲ್ ಸುಟ್ಟುಹೋಗುತ್ತೆ. ಆಮೇಲೆ ಮೆಷಿನ್ನಿಗೆ ಬೈತೀವಿ. ಪಾಪ, ಅದೇನ್ ಮಾಡುತ್ತೆ?" ಎಂದು ಅವರು ಕೈ ಒರೆಸಿಕೊಳ್ಳುತ್ತಾರೆ. ಪಕ್ಕದಲ್ಲಿ, ಹಳೆಯ ಟ್ರಂಕಿನಷ್ಟು ದೊಡ್ಡದಾದ, ಕರೆಂಟು ಮತ್ತು ಗಾಳಿಯಿಂದ ಬೆಂಕಿ ಹುಟ್ಟಿಸಿ ಕಬ್ಬಿಣ ಕೊಯ್ಯುವ ಪ್ಲಾಸ್ಮಾ ಕಟ್ಟರ್ ಸುಮ್ಮನೆ ಕಾಯುತ್ತಿದೆ. ಮನೆಗೆ ಬಂದು ಇವತ್ತಿಗೆ ಎಂಟು ದಿನ.

ಕಿಡಿಯಕ್ಕ ಎನ್ನುವುದು ಬೀದಿಯವರು ಇಟ್ಟ ಹೆಸರು. ವಯಸ್ಸು ನಲವತ್ತಾರು. ಸುತ್ತಲ ಮನೆಗಳ ಗೇಟು, ಕಿಟಕಿ, ಮೆಟ್ಟಿಲ ಕಟಕಟೆಗಳಲ್ಲಿ ಅರ್ಧಕ್ಕರ್ಧ ಇವರ ಕೈಯಿಂದ ಬಂದವು. ದಿನಾ ನೂರಾರು ಜನ ಅವನ್ನು ಹಿಡಿದು ಹತ್ತುತ್ತಾರೆ, ಇಳಿಯುತ್ತಾರೆ. ಮಾಡಿದವರು ಯಾರೆಂದು ಕೇಳಿದವರಿಲ್ಲ. ಹದಿನಾರು ವರ್ಷ, ದಿನಕ್ಕೆ ಆರು ಗಂಟೆ ಕಬ್ಬಿಣ ಕೊಯ್ಯುವ ಗ್ರೈಂಡರ್, ಸವೆಯುವ ಚಕ್ರ ಮೂರು. ಕಬ್ಬಿಣ ನಡುಗಿದಷ್ಟೂ ಕೈ ನಡುಗಿತು. ಹೋದ ವರ್ಷ ಬಲಗೈ ಬೆರಳುಗಳು ಜೋಮು ಹಿಡಿದು, ಹಿಡಿದ ಲೋಟ ಜಾರಿದ್ದು ಅದು ಬಿದ್ದ ಮೇಲೇ ಗೊತ್ತಾಗತೊಡಗಿತು. ಡಾಕ್ಟರು ಸುತ್ತಿ ಬಳಸಿ ಹೇಳಲಿಲ್ಲ: "ಗ್ರೈಂಡರ್ ಬಿಡಿ. ಇಲ್ಲಾಂದ್ರೆ ಕೈ ನಿಮ್ಮನ್ನ ಬಿಡುತ್ತೆ."

ಕೈ ಹೋದರೆ ಕೆಲಸ ಹೋಗುತ್ತದೆ ಎನ್ನುವುದಕ್ಕಿಂತ ಹೆಚ್ಚಾಗಿ ಅವರನ್ನು ಕಾಡಿದ್ದು ಒಂದು ಹಕ್ಕಿ.

ಕೆಲಸ ಕಲಿಸಿದ ಹಿರಿಯರನ್ನು ಅವರು ದೊಡ್ಡಪ್ಪ ಎನ್ನುತ್ತಾರೆ, ರಕ್ತಸಂಬಂಧವೇನಿಲ್ಲ. ಆ ದೊಡ್ಡಪ್ಪ ತಮ್ಮ ಮನೆಯ ಬಾಗಿಲಿಗೆಂದು ತಗಡಿನ ಮೇಲೆ ಐದು ಹಕ್ಕಿ ಬರೆದರು, ಒಂದರ ರೆಕ್ಕೆ ಇನ್ನೊಂದಕ್ಕೆ ತಾಗುವ ಹಾಗೆ. ನಾಲ್ಕನ್ನು ತಾವೇ ಕತ್ತರಿಸಿ, ಐದನೆಯದನ್ನು ಹೊಸದಾಗಿ ಸೇರಿದ್ದ ಈಕೆಯ ಕೈಗಿತ್ತರು. ಈಕೆ ಶ್ರದ್ಧೆಯಿಂದ ಸೀಮೆಸುಣ್ಣದ ಗೆರೆಯ ಮೇಲೇ ಗ್ಯಾಸಿನ ಬೆಂಕಿ ಓಡಿಸಿದರು. ತಪ್ಪಾದದ್ದು ಅಲ್ಲೇ. ಗೆರೆ ಹಕ್ಕಿಯ ಪಾಲು. ಬೆಂಕಿ ಅದರ ಆಚೆಬದಿಯನ್ನು ತಿನ್ನಬೇಕು. ಬೆಂಕಿ ತಿಂದಷ್ಟು ಅಗಲ ರೆಕ್ಕೆ ಗಿಡ್ಡವಾಯಿತು, ಪಕ್ಕದ ಹಕ್ಕಿಗೆ ತಾಗಲಿಲ್ಲ. ದೊಡ್ಡಪ್ಪ ಗದರಲಿಲ್ಲ. ಐದನೆಯದರ ಜಾಗ ಖಾಲಿ ಬಿಟ್ಟು, ನಾಲ್ಕೇ ಹಕ್ಕಿಯ ಬಾಗಿಲು ನಿಲ್ಲಿಸಿ, "ಆ ಜಾಗ ನಿಂದು. ಕೈ ಕುದುರಿದ ದಿನ ತಂದು ಹಾಕು" ಎಂದರು.

ಅದಾದ ಮೇಲೆ ಮೂರು ಸಲ ಮಾಡಿ ನೋಡಿದ್ದಾರೆ. ರೆಕ್ಕೆಯ ಸಣ್ಣ ತಿರುವಿನಲ್ಲಿ ಗ್ರೈಂಡರ್ ತಿರುಗದು. ದೊಡ್ಡಪ್ಪನಿಗೆ ಪಳಗಿದ್ದ ಗ್ಯಾಸಿನ ಬೆಂಕಿಗೆ ಇವರ ಕೈಯಲ್ಲಿ ತೆಳು ತಗಡು ಹಪ್ಪಳದಂತೆ ಸೊಟ್ಟಗಾಗುತ್ತದೆ.

ಎರಡು ವರ್ಷ ಕೂಡಿಟ್ಟದ್ದು ಒಂದು ಮೆಷಿನ್ನಿಗೆ ಸಾಕು; ಆರಿಸುವಾಗ ಎಡವಿದರೆ ಇನ್ನೊಂದಕ್ಕಿಲ್ಲ. ಹಾಗಾಗಿ ಕಿಡಿಯಕ್ಕ ಚೀಲದಲ್ಲಿ ಬಣ್ಣ ಬಳಿದ, ತುಕ್ಕು ಹಿಡಿದ ತಗಡೊಂದನ್ನು ಹೊತ್ತು ಅಂಗಡಿ ಸುತ್ತಿದರು. ಅಂಗಡಿಯ ಹೊಳೆಯುವ ತಗಡನ್ನು ಮುಟ್ಟಲಿಲ್ಲ. "ನಮ್ಮನೆಗೆ ಬರೋ ಕಬ್ಬಿಣ ಸ್ನಾನ ಮಾಡ್ಕೊಂಡು ಬರಲ್ಲಪ್ಪ. ಇದನ್ನ ಕತ್ತರಿಸಿ ತೋರಿಸು."

ಮೊದಲ ಅಂಗಡಿಯವನು, "ಹನ್ನೆರಡು ಎಂ.ಎಂ. ದಪ್ಪ ಕತ್ತರಿಸುತ್ತೆ, ಅಕ್ಕ" ಎಂದ.

"ಕತ್ತರಿಸುತ್ತೋ, ಹರಿಯುತ್ತೋ?"

ಅವನು ನಕ್ಕ. ಆದರೆ ತುಕ್ಕಿನ ಮೇಲೆ ಬರುತ್ತಲೇ ಅವನ ಮೆಷಿನ್ನಿನ ಜ್ವಾಲೆ ಆರಿತು. ಎರಡನೆಯ ಅಂಗಡಿಯದು ಭಾರೀ ಯಂತ್ರ, ಬೆಣ್ಣೆಯಂತೆ ಕೊಯ್ದಿತು. ಅದಕ್ಕೆ ಕಾರ್ಖಾನೆಯ ತ್ರೀ ಫೇಸ್ ಕರೆಂಟೇ ಬೇಕು. "ಅದನ್ನ ಹಾಕಿದ್ರೆ ನಮ್ಮನೇಲಿ ದೀಪ ಹಚ್ಕೊಂಡು ಕೂರಬೇಕಿತ್ತು" ಎನ್ನುತ್ತಾರೆ. ಹೀಗೆ ವಾರಗಟ್ಟಲೆ ಅಲೆದಾಗ ಅತ್ತೆಗೆ ತಡೆಯಲಾಗಲಿಲ್ಲ: "ಮೆಷಿನ್ ತರ್ತೀಯೋ, ಅದಕ್ಕೆ ಜಾತಕ ನೋಡ್ತೀಯೋ? ನಿನ್ನ ಗಂಡನ್ನ ಒಪ್ಪೋಕೆ ಕಾಲು ಗಂಟೆ ಸಾಕಾಗಿತ್ತು!"

"ಅದಕ್ಕೇ ಅತ್ತೆ, ಈ ಸಲ ನಿಧಾನ."

ಮೂರನೆಯ ಅಂಗಡಿಯ ಮೂಲೆಯಲ್ಲಿತ್ತು ಈ ಸಾದಾ ಪೆಟ್ಟಿಗೆ. ಮನೆಯ ಕರೆಂಟಿಗೇ ಓಡುತ್ತದೆ, ತುಕ್ಕನ್ನೂ ಬಣ್ಣವನ್ನೂ ದಾಟಿ ಕೊಯ್ಯುತ್ತದೆ. ದಪ್ಪ ಆರು ಎಂ.ಎಂ. ದಾಟಿದರೆ ಅಂಚು ಒರಟಾಗುತ್ತದೆ, ಇವರ ತಗಡು ನಾಲ್ಕನ್ನು ಮೀರುವುದಿಲ್ಲ. ಸವೆದ ನಾಜಲಿಗೆ ಬದಲಿ ಬೀದಿ ಕೊನೆಯಲ್ಲೇ ಸಿಗುತ್ತದೆ. ಅಂಗಡಿಯವನು ಮಾತ್ರ ಸಂಕೋಚದಿಂದ, "ಹತ್ತು ನಿಮಿಷದಲ್ಲಿ ನಾಲ್ಕು ನಿಮಿಷ ಆರೋಕೆ ಬಿಡಬೇಕು, ಅಕ್ಕ" ಎಂದ. ಕಿಡಿಯಕ್ಕ ಅಲ್ಲೇ ಒಪ್ಪಿಬಿಟ್ಟರು. "ನಂಗೂ ಅಷ್ಟು ಬೇಕಲ್ಲ? ಆ ನಾಲ್ಕು ನಿಮಿಷ ನಾನೂ ದೇವರೂ ಮಾತಾಡ್ಕೋತೀವಿ."

ಈಗ ಅವರು ತಗಡಿನ ಮೇಲೆ ಸೀಮೆಸುಣ್ಣದಲ್ಲಿ ಹಕ್ಕಿ ಬರೆದಿದ್ದಾರೆ. ಮುಖದ ಮೇಲೆ ಕಪ್ಪು ಗಾಜು ಇಳಿಸಿ, ಒಂದು ಕ್ಷಣ ಕಣ್ಣು ಮುಚ್ಚುತ್ತಾರೆ. ನೀಲಿ ಬೆಳಕಿನ ಎಳೆಯೊಂದು ಹುಟ್ಟುತ್ತದೆ. ಬಾಗಿಲಾಚೆಯ ಮಂಜೆಲ್ಲ ನೀಲಿಯಾಗಿ, ಶೆಡ್ಡು ಯಾವುದೋ ನೀರಿನ ತಳದಲ್ಲಿ ಇದ್ದಂತೆ ಕಾಣುತ್ತದೆ. ಕೈಗೆ ನಡುಕವಿಲ್ಲ. ಬೆಳಕು ಕೊಕ್ಕನ್ನು ಸುತ್ತುತ್ತದೆ, ಕತ್ತಿನಲ್ಲಿ ಇಳಿಯುತ್ತದೆ, ರೆಕ್ಕೆಯ ತಿರುವಿನಲ್ಲಿ ಉಸಿರು ಹಿಡಿದು ದಾಟುತ್ತದೆ. ಟಣ್ಣೆಂದು ಹಕ್ಕಿ ನೆಲಕ್ಕೆ ಬೀಳುತ್ತದೆ.

ಬಿಸಿ ಆರಿದ ಮೇಲೆ ಅದನ್ನು ಹಳೆ ಬಟ್ಟೆಯಲ್ಲಿ ಸುತ್ತಿಕೊಂಡು, ನಾಲ್ಕು ಮನೆ ಆಚೆಗೆ ನಡೆಯುತ್ತಾರೆ. ಎಂಬತ್ತು ದಾಟಿದ ದೊಡ್ಡಪ್ಪನಿಗೆ ಈಗ ಕಣ್ಣು ಮಂದ. ನಾಲ್ಕು ಹಕ್ಕಿಯ ಬಾಗಿಲ ಹಿಂದೆಯೇ ಅವರ ಮಂಚ. ಕಿಡಿಯಕ್ಕ ಬಟ್ಟೆ ಬಿಡಿಸಿ ಹಕ್ಕಿಯನ್ನು ಅವರ ಕೈಯಲ್ಲಿಡುತ್ತಾರೆ.

ಮುದುಕರು ಬೆರಳಿನಿಂದ ಅಂಚನ್ನು ಸವರುತ್ತಾರೆ, ಕೊಕ್ಕಿನಿಂದ ಬಾಲದವರೆಗೆ, ಅವಸರವಿಲ್ಲದೆ.

"ಗೆರೆ?" ಎಂದಷ್ಟೇ ಕೇಳುತ್ತಾರೆ.

"ಹಕ್ಕಿ ಮೇಲೇ ಇದೆ, ದೊಡ್ಡಪ್ಪ."

ಅವರು ಬೆರಳನ್ನು ಕಣ್ಣಿನ ಹತ್ತಿರ ತಂದು ನೋಡುತ್ತಾರೆ. ತುದಿಯೆಲ್ಲ ಬೆಳ್ಳಗೆ ಸೀಮೆಸುಣ್ಣ.