ಜೊಪೀರ ಬೈದ ವರ್ಷ

ರೋಮನ್ನರ ಆಳ್ವಿಕೆಯಲ್ಲಿದ್ದ ಹೆನ್ನಾ ಬೆಟ್ಟದೂರಿನಲ್ಲಿ ಜೊಪೀರಳ ಬಾಯಿಗೆ ಹೆದರದವರಿರಲಿಲ್ಲ. ಬಾರ್ಲಿ ಹುರಿದು ಬದುಕುವ ಬಡ ವಿಧವೆ. ಆದರೆ ಬಿತ್ತನೆಗೆ ಮುಂಚಿನ ಹೆಂಗಸರ ಹಬ್ಬ ಬಂತೆಂದರೆ ಅವಳೇ ಮಹಾರಾಣಿ. ಪಾತಾಳದ ದೊರೆ ಎಳೆದೊಯ್ದ ಮಗಳಿಗಾಗಿ ಅಳುವ ಬೆಳೆಯ ದೇವತೆ ಡಿಮೀಟರ್ ತಾಯಿಯನ್ನು ನಗಿಸಬೇಕಲ್ಲ? ಅದಕ್ಕೇ ಅವತ್ತು ಗುಡಿಯೊಳಗೆ ಹೆಂಗಸರು ಬಾಯಿಗೆ ಬಂದಂತೆ ಬೈಯಬಹುದು. ಜೊಪೀರ ಶುರುಮಾಡಿದರೆ ಮುದುಕಿಯರೂ ಹೊಟ್ಟೆ ಹಿಡಿದುಕೊಳ್ಳುತ್ತಿದ್ದರು. ಹೆಂಗಸರು ನಕ್ಕರೆ ತಾಯಿ ನಕ್ಕಂತೆ; ತಾಯಿ ನಕ್ಕ ಮೇಲೆಯೇ ಗುಡಿಯ ಬೀಜ ಹೊಲಕ್ಕೆ. ಅದಿಲ್ಲದೆ ಯಾವ ಗಂಡಸೂ ಬಿತ್ತುತ್ತಿರಲಿಲ್ಲ.

ಆ ವರ್ಷ ಹಬ್ಬಕ್ಕೆ ಮುಂಚೆ ನೀರಿಗೆ ಹೋದ ಅವಳ ಮಗಳು ಮಿರ್ತಿಸ್ ಮರಳಲಿಲ್ಲ. ರೋಮನ್ ಜಮೀನ್ದಾರನ ಮೇಸ್ತ್ರಿ ವಿಬಿಯಸ್, ಥೂ ಅವನ, ಹುಡುಗಿಯನ್ನು ಕುದುರೆ ಮೇಲೆ ಹೇರಿಕೊಂಡು ಹೋಗಿದ್ದ. ಜೊಪೀರ ಅವನ ಬಾಗಿಲಲ್ಲಿ ಕೂಗಾಡಿದರೆ ಹಲ್ಲು ಕಿರಿದ.

"ಯಾಕಮ್ಮ ಈ ರಂಪ? ನಮ್ಮ ಪಾತಾಳದ ದೀಸ್ ದೇವರು ಪ್ರೊಸರ್ಪೀನಳನ್ನ ಎತ್ಕೊಂಡು ಹೋಗಿದ್ದು ನಿಮ್ಮೂರ ಕೆರೆ ಹತ್ರಾನೇ ಅಲ್ವಾ? ಅವನ ಮನೆ ದಾಳಿಂಬೆ ತಿಂದ್ಲು, ಹೆಂಡ್ತಿಯಾದ್ಲು. ನಿನ್ನ ಮಗಳೂ ನಮ್ಮನೇಲಿ ಉಂಡಾಯ್ತು."

"ನೀವು ಪ್ರೊಸರ್ಪೀನ ಅನ್ನಿ, ನಾವು ಪರ್ಸೆಫೊನಿ ಅಂತೀವಿ, ಕಿರುಚಿದ್ದು ಒಂದೇ ಹುಡುಗಿ ಕಣೋ! ಹೆಸರು ಬದಲಾಯಿಸಿದ್ರೆ ಕಳ್ಳ ಅಳಿಯ ಆಗ್ತಾನಾ? ಹುಟ್ಟಿದಾಗಿಂದ ನನ್ನ ಗಂಜಿ ಉಂಡಿದ್ದಾಳಲ್ಲ, ಅದೇನು ಬೂದೀನಾ?"

ಅವನು ಬಾಗಿಲು ಹಾಕಿಕೊಂಡ.

ಹಬ್ಬದ ದಿನ ಪೂಜಾರಿಣಿ ಲಾಮಿಸ್ಕ ಎಳ್ಳು-ಜೇನಿನ ಕಡುಬು ಅವಳ ಕೈಗಿಟ್ಟು, "ಶುರು ಮಾಡೇ, ತಾಯಿ ನಗಲಿ," ಎಂದಳು.

ಜೊಪೀರ ಕಡುಬನ್ನು ಬಿಸಾಡಿದಳು. ಮಂಡಿಯೂರಿ, ಎರಡೂ ಅಂಗೈಯಿಂದ ನೆಲ ಬಡಿದು, ಊರಲ್ಲಿ ಯಾರೂ ಬಾಯಿಬಿಟ್ಟು ಹೇಳದ ಪಾತಾಳದ ದೊರೆಯ ಹೆಸರನ್ನೇ ಕೂಗಿದಳು. "ಲೋ ಹೇಡಿಸ್! ನಿನ್ನ ನೋಡಿ ಕಲಿತ್ನಲ್ಲೋ ಆ ಬೇವರ್ಸಿ!"

ಹೆಂಗಸರು ಕಿವಿ ಮುಚ್ಚಿಕೊಂಡರು. ಯಾರೂ ನಗಲಿಲ್ಲ.

"ನಗಬೇಡಿ ಕಣ್ರೇ! ತನ್ನ ಮಗಳು ಬರೋವರೆಗೂ ಡಿಮೀಟರ್ ತಾಯಿ ಒಂದು ಕಾಳು ಮೊಳೆಯೋಕೆ ಬಿಟ್ಲಾ? ನಾವ್ಯಾಕೆ ಬಿಡ್ಬೇಕು?" ಎಂದವಳೇ ಬೀಜದ ರಾಶಿಯ ಮೇಲೆ ಹೋಗಿ ಕೂತಳು. ಲಾಮಿಸ್ಕಳಿಗೂ ಹೆಣ್ಣುಮಕ್ಕಳಿದ್ದರು. ಬಂದು ಪಕ್ಕದಲ್ಲಿ ಕೂತಳು. ಆಮೇಲೆ ಉಳಿದವರೂ.

ಮಳೆ ಬಂತು, ನೆಲ ಹದವಾಯಿತು, ಗಂಡಸರು ಹೊರಗೆ ನಿಂತು ಗೋಗರೆದರು. ಬೀಜ ಹೊರಬರಲಿಲ್ಲ. ತನ್ನ ಹೊಲವೂ ಪಾಳು ಬೀಳುತ್ತದೆಂದು ಗೊತ್ತಾದಾಗ ಜಮೀನ್ದಾರನೇ ವಿಬಿಯಸ್‌ಗೆ ಉಗಿದು ಹುಡುಗಿಯನ್ನು ಬಿಡಿಸಿ ಕಳಿಸಿದ. ಅಲ್ಲಿಯವರೆಗೆ ಅವನಿಗೆ ಅದು ತಪ್ಪೆಂದು ಕಂಡಿರಲಿಲ್ಲ.

ಮಿರ್ತಿಸ್ ಗುಡಿಯ ಹೊಸ್ತಿಲು ದಾಟಲಿಲ್ಲ. "ಅಮ್ಮಾ, ಹಸಿವು ತಡೆಯೋಕಾಗಲಿಲ್ಲ. ಅವನ ಮನೇಲಿ ಉಂಡುಬಿಟ್ಟೆ," ಎಂದು ಬಿಕ್ಕಿದಳು.

"ಹಸಿವಾದ್ರೆ ಉಣ್ಣದೆ ಮಣ್ಣು ಮುಕ್ಕಬೇಕಿತ್ತೇನೇ, ಪೆದ್ದಿ! ಒಳಗ್ ಬಾ!" ಜೊಪೀರ ಅಬ್ಬರಿಸಿದಳು.

ಮೊದಲು ನಕ್ಕವಳು ಲಾಮಿಸ್ಕ. ಆಮೇಲೆ ಬೀಜ ಹೊಲಕ್ಕೆ ಹೊರಟಿತು.